ಹಲವು ಮನೆಯ ಮಕ್ಕಳು, ಒಂದು ಚಿತ್ರಪುಸ್ತಕ

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಭಾಷೆ, ಊಟ, ಹಬ್ಬ, ಮೈಬಣ್ಣ ಎಲ್ಲವೂ ಬೇರೆ ಬೇರೆಯಾಗಿರುವ ಮನೆಗಳಿಂದ ಬರುವ ಪುಟಾಣಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಚಿತ್ರಪುಸ್ತಕ ಓದುವುದು ಹೇಗೆ? ಅಂಗನವಾಡಿಯಿಂದ ಮೂರನೇ ತರಗತಿವರೆಗಿನ ಶಿಕ್ಷಕರು ಮತ್ತು ಪೋಷಕರಿಂದ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಲ ಉತ್ತರ. ಉತ್ತರಿಸಿದವರು ಎಳೆಯ ಮಕ್ಕಳ ಓದು ಮತ್ತು ಶಾಲಾ ಗ್ರಂಥಾಲಯಗಳಲ್ಲಿ ಕೆಲಸ ಮಾಡುವ ನಮ್ಮ ಬಳಗದವರು.

ಪ್ರಶ್ನೆ: ಬಹುಸಂಸ್ಕೃತಿಯ ಪುಸ್ತಕ ಅಂದರೆ ಬೇರೆ ಬೇರೆ ರಾಜ್ಯದ ಉಡುಗೆ, ಹಬ್ಬ, ಕುಣಿತ ತೋರಿಸುವ ಪುಸ್ತಕವೇ? ನಮ್ಮಲ್ಲಿ ಅಂಥವು ಎರಡಿವೆ. ಮಕ್ಕಳು ಒಂದು ಸಲ ತಿರುವಿ ಹಾಕಿ ಮತ್ತೆ ಮುಟ್ಟಲೇ ಇಲ್ಲ. (ಶಿಕ್ಷಕಿ, ಶಿವಮೊಗ್ಗ ಜಿಲ್ಲೆ)

ನಿಮ್ಮ ಮಕ್ಕಳ ತೀರ್ಪು ಸರಿಯಾಗಿದೆ. ಅವು ಪುಸ್ತಕದ ವೇಷ ಹಾಕಿಕೊಂಡ ಚಾರ್ಟುಗಳು, ಕಥೆ ಅಲ್ಲ. ಪುಟಕ್ಕೊಂದು ರಾಜ್ಯ, ರಾಜ್ಯಕ್ಕೊಂದು ಜೋಡಿ, ಕೈಮುಗಿದು ನಿಂತ ಗೊಂಬೆಗಳು. ಐದು ವರ್ಷದ ಮಗುವಿಗೆ ಮಣಿಪುರ ಎಲ್ಲಿದೆಯೋ ಬೇಕಿಲ್ಲ. ಮಣಿಪುರದ ಹುಡುಗನ ಚಪ್ಪಲಿ ಹೊಳೆಯಲ್ಲಿ ತೇಲಿಹೋದರೆ ಮುಂದೇನಾಯಿತು ಅನ್ನುವುದು ಬೇಕು. ಹಾಗಾಗಿ ಮೊದಲ ಲೆಕ್ಕ ಇದು: ಮಗು, ಅದಕ್ಕೊಂದು ಪೇಚು, ಅದರಿಂದ ಪಾರಾಗುವ ದಾರಿ. ಮನೆ, ಊಟ, ಭಾಷೆ ಬೇರೆಯಾಗಿರುವುದು ಕಥೆಯ ಹಿನ್ನೆಲೆಯಲ್ಲಿ ಇರಲಿ. ಅದೇ ಕಥೆಯಾಗುವುದು ಬೇಡ.

ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು. ಮಗು ತನ್ನ ಮನೆಯನ್ನೂ ಪುಸ್ತಕದಲ್ಲಿ ಕಾಣಬೇಕು, ಪಕ್ಕದವರ ಮನೆಯೂ ಕಾಣಬೇಕು. ಆಯ್ಕೆ ಮಾಡುವಾಗ ಇದನ್ನೇ ಎಣಿಕೆಗೆ ಇಳಿಸಿ. ತರಗತಿಯಲ್ಲಿ ಮೂವತ್ತು ಪುಸ್ತಕ ಇದ್ದರೆ, ಕನಿಷ್ಠ ಹತ್ತರಲ್ಲಿ ನಿಮ್ಮ ಮಕ್ಕಳ ಮನೆಯಂಥ ಮನೆ ಇದೆಯೇ? ತಗಡಿನ ಶೀಟಿನ ಮನೆ, ಬಾಡಿಗೆಯ ಒಂದೇ ಕೋಣೆ, ಅಜ್ಜಿಯೇ ಸಾಕುತ್ತಿರುವ ಮಗು? ಇನ್ನೊಂದು ಎಚ್ಚರ: ಒಂದು ಸಮುದಾಯಕ್ಕೆ ಒಂದೇ ಪುಸ್ತಕ ಇಟ್ಟರೆ ಆ ಸಮುದಾಯ ಅಂದರೆ ಆ ಪುಸ್ತಕವೇ ಎಂದು ಮಕ್ಕಳು ತಿಳಿಯುತ್ತಾರೆ. ಎರಡಾದರೂ ಇರಲಿ, ಒಂದಕ್ಕೊಂದು ಬೇರೆ ಇರಲಿ.

ಕೊಳ್ಳುವ ಮುನ್ನ ಅಕ್ಷರ ಓದದೆ ಚಿತ್ರ ಮಾತ್ರ ಒಮ್ಮೆ ತಿರುವಿ. ಕೆಲಸ ಮಾಡುವವರು ಯಾರು, ಸಹಾಯ ಪಡೆಯುವವರು ಯಾರು? ಕಪ್ಪು ಮೈಬಣ್ಣ ಕಳ್ಳನಿಗೂ ರಾಕ್ಷಸನಿಗೂ ಮಾತ್ರ ಸಿಕ್ಕಿದೆಯೇ? ಕಾಡಿನ ಸಮುದಾಯದ ಮಗು ಎಲೆ ಸುತ್ತಿಕೊಂಡೇ ಇದೆಯೇ? ನಮ್ಮ ರಾಜ್ಯದ ಜೇನುಕುರುಬರ, ಸೋಲಿಗರ ಮಕ್ಕಳು ಶಾಲೆಗೆ ಹಾಕುವುದು ಯೂನಿಫಾರ್ಮು. ಕಾಲು ಊನವಾದ ಹುಡುಗ ಕೊನೆಯ ಪುಟದಲ್ಲಿ ಪವಾಡದಂತೆ ಓಡಿದರೆ ಆ ಪುಸ್ತಕ ಅಂಗಡಿಯಲ್ಲೇ ಇರಲಿ. ಅನುವಾದದ ಪುಸ್ತಕವಾದರೆ ಗಟ್ಟಿಯಾಗಿ ಒಮ್ಮೆ ಓದಿ. ಮೂರು ಕಡೆ ನಾಲಿಗೆ ತೊಡರಿದರೆ ಮಕ್ಕಳ ಕಿವಿಗೆ ಅದು ಇಳಿಯುವುದಿಲ್ಲ, ಚಿತ್ರ ಎಷ್ಟೇ ಚೆಂದ ಇರಲಿ.

ಪ್ರಶ್ನೆ: ಬೆಂಗಳೂರು ಹೊರವಲಯದ ಸರ್ಕಾರಿ ಶಾಲೆ, ನಲಿ-ಕಲಿ ತರಗತಿ (ಒಂದರಿಂದ ಮೂರನೆಯವರೆಗಿನವರು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವುದು), 26 ಮಕ್ಕಳು. ಯಾದಗಿರಿಯಿಂದ ಗುಳೆ ಬಂದವರು, ತೆಲುಗು, ಒಡಿಯಾ, ಬಂಗಾಳಿ, ಉರ್ದು ಮಾತಾಡುವವರು ಇದ್ದಾರೆ. ಕನ್ನಡ ಕಥೆ ಓದಲು ಕೂತರೆ ಅರ್ಧ ಮಕ್ಕಳು ಎರಡನೇ ಪುಟಕ್ಕೇ ಎದ್ದು ಹೋಗುತ್ತಾರೆ. ಸಾಲು ಸಾಲಿಗೂ ಹಿಂದಿಯಲ್ಲಿ ಹೇಳಬೇಕೇ? (ಶಿಕ್ಷಕಿ, ಬೆಂಗಳೂರು ಗ್ರಾಮಾಂತರ)

ಸಾಲಿಗೊಂದು ಅನುವಾದ ಬೇಡ. ಹಿಂದಿ ಬರುತ್ತದೆ ಎಂದು ಗೊತ್ತಾದ ಮಗು ಕನ್ನಡದ ಸಾಲು ಬಂದಾಗ ಕಿವಿ ಮುಚ್ಚಿಕೊಂಡು ಕಾಯುತ್ತದೆ. ಕಥೆಯ ಓಟವೂ ನಿಲ್ಲುತ್ತದೆ. ಅದೂ ಅಲ್ಲದೆ ಒಡಿಶಾದ ಹಳ್ಳಿಯಿಂದ ನೇರ ಬಂದ ಐದು ವರ್ಷದ ಮಗುವಿಗೆ ಹಿಂದಿಯೂ ಕನ್ನಡದಷ್ಟೇ ದೂರ.

ಮೊದಲು ನೋಡಬೇಕಾದ್ದು ಭಾಷೆಯಲ್ಲ, ಕಣ್ಣು. ಎ4 ಅಳತೆಯ ಪುಸ್ತಕದ ಚಿತ್ರ ಆರಡಿ ದಾಟಿದರೆ ಸರಿಯಾಗಿ ಕಾಣುವುದಿಲ್ಲ. 26 ಮಕ್ಕಳು ಕೂತರೆ ಹಿಂದಿನ ಸಾಲು ಹತ್ತಡಿ ಆಚೆ ಇರುತ್ತದೆ. ಎದ್ದು ಹೋಗುವ ಮಕ್ಕಳು ಯಾವ ಸಾಲಿನವರು ಎಂದು ಎರಡು ದಿನ ಗಮನಿಸಿ. ಬಹುತೇಕ ಹಿಂದಿನವರೇ ಆಗಿರುತ್ತಾರೆ. ತರಗತಿಯನ್ನು 13ರ ಎರಡು ತಂಡ ಮಾಡಿ. ಒಂದು ತಂಡ ತನ್ನ ತಟ್ಟೆಯಲ್ಲಿ, ಅಂದರೆ ನಲಿ-ಕಲಿಯ ಗುಂಪಿನಲ್ಲಿ, ಸ್ವಕಲಿಕೆಯಲ್ಲಿರುವಾಗ ಇನ್ನೊಂದಕ್ಕೆ ಓದಿ. ಮಕ್ಕಳು ಎರಡು ಸಾಲು ಅರ್ಧಚಂದ್ರವಾಗಿ ಕೂರಲಿ, ನೀವು ಕುರ್ಚಿ ಬಿಟ್ಟು ಗಿಡ್ಡ ಮಣೆಯ ಮೇಲೆ ಕೂರಿ. ಪುಸ್ತಕ ನಿಮ್ಮ ಎದೆಯ ಮುಂದಲ್ಲ, ಭುಜದ ಪಕ್ಕದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಪುಟ ಕಪ್ಪಾಗಿ ಕಾಣುತ್ತದೆ. ಎದುರಿಗಿದ್ದರೆ ನುಣುಪು ಕಾಗದ ಮಿರುಗಿ ಚಿತ್ರವೇ ಕಾಣುವುದಿಲ್ಲ. ಬೆಳಕು ಪಕ್ಕದಿಂದ ಬರಲಿ.

ಇನ್ನು ಪುಸ್ತಕ. ಪುಟಕ್ಕೆ ಒಂದೆರಡು ಸಾಲು, ಒಂದು ಸಾಲು ಮತ್ತೆ ಮತ್ತೆ ಬರಬೇಕು, ಹನ್ನೆರಡರಿಂದ ಹದಿನಾರು ಪುಟ. ಒಂದೇ ಪುಸ್ತಕವನ್ನು ವಾರವಿಡೀ ಓದಿ. ದಿನಕ್ಕೊಂದು ಹೊಸ ಕಥೆ ಬೇಕು ಅನ್ನುವುದು ದೊಡ್ಡವರ ಆಸೆ; ಮಕ್ಕಳು ಮೂರನೇ ಸಲಕ್ಕೇ ಕಥೆಯೊಳಗೆ ಇಳಿಯುವುದು.

ಸೋಮವಾರ ಓದಬೇಡಿ, ಚಿತ್ರ ಮಾತ್ರ. ಪ್ರತಿ ಪುಟದಲ್ಲೂ ಮಕ್ಕಳು ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಲಿ. ಮೇಕೆ ಕಂಡರೆ ಒಬ್ಬ ಮೇಕ ಅನ್ನುತ್ತಾನೆ, ಒಬ್ಬಳು ಬಕ್ರಿ, ಇನ್ನೊಬ್ಬ ಛೇಳಿ, ಮತ್ತೊಬ್ಬಳು ಛಾಗೋಲ್. ಎಲ್ಲಕ್ಕೂ ತಲೆಯಾಡಿಸಿ, ನೀವೂ ಒಮ್ಮೆ ಉಚ್ಚರಿಸಿ, ಕೊನೆಗೆ ಕನ್ನಡದ ಪದ ಹೇಳಿ ಮುಂದೆ ಹೋಗಿ. ಕಥೆ ನಿಂತಿರುವುದು ಯಾವ ಪದಗಳ ಮೇಲೆ ಎಂದು ಮೊದಲೇ ಗುರುತಿಸಿ ಐದು ಪದ ಆರಿಸಿಕೊಳ್ಳಿ. ಇಪ್ಪತ್ತು ಆರಿಸಿದರೆ ಒಂದೂ ಉಳಿಯದು. ಆ ಐದಕ್ಕೆ ವಸ್ತುವನ್ನೇ ತನ್ನಿ ಅಥವಾ ಕೈಸನ್ನೆ ಕಟ್ಟಿಕೊಳ್ಳಿ. ಮಂಗಳವಾರ ಓದಿ, ಬೆರಳು ಆ ಪದದ ಚಿತ್ರದ ಮೇಲೆ ಇರಲಿ, ಎರಡೇ ಕಡೆ ನಿಲ್ಲಿಸಿ ಕೇಳಿ. ಬುಧವಾರ ಮರಳಿ ಬರುವ ಸಾಲಿನ ಹೊಸ್ತಿಲಲ್ಲಿ ನಿಲ್ಲಿಸಿ, ಮಕ್ಕಳು ಮುಗಿಸುತ್ತಾರೆ. ಆಮೇಲೆ ಅಭಿನಯ, ಚಿತ್ರ. ಒಂದು ಕೂಟಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು.

ಹೊಸದಾಗಿ ಬಂದ ಮಗು ವಾರಗಟ್ಟಲೆ ಬಾಯಿ ಬಿಡದಿರಬಹುದು. ಅದು ದಡ್ಡತನವಲ್ಲ, ಕೇಳಿಸಿಕೊಳ್ಳುವ ಕಾಲ. ಆ ಮಗುವಿಗೆ "ಇದೇನು?" ಎಂದು ಕೇಳಬೇಡಿ, "ಮೇಕೆ ಎಲ್ಲಿದೆ?" ಎಂದು ಕೇಳಿ. ಮೊದಲನೆಯದಕ್ಕೆ ಮಾತು ಬೇಕು, ಎರಡನೆಯದಕ್ಕೆ ಬೆರಳು ಸಾಕು. ಅದೇ ಭಾಷೆಯ ದೊಡ್ಡ ಮಗುವನ್ನು ಆಗೊಮ್ಮೆ ಈಗೊಮ್ಮೆ ನೆರವಿಗೆ ಕರೆಯಿರಿ. ಆದರೆ ಅವಳನ್ನು ಕಾಯಂ ದುಭಾಷಿ ಮಾಡಿಬಿಟ್ಟರೆ ಅವಳ ಕಲಿಕೆ ನಿಲ್ಲುತ್ತದೆ.

ಪ್ರಶ್ನೆ: ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಎಂದು ಹೇಳಿಸಬೇಕೇ? (ಶಿಕ್ಷಕ, ತುಮಕೂರು)

ಬೇಡ. ಕೇಳಿದರೆ "ಎಲ್ಲರೂ ಒಂದೇ ಸಾರ್" ಎಂದು ಒಕ್ಕೊರಲಿನ ಉತ್ತರ ಬರುತ್ತದೆ, ಅದು ನಿಮಗೆ ಬೇಕಾದ ಉತ್ತರ ಎಂದು ಅವರಿಗೆ ಗೊತ್ತು. ಅದರ ಬದಲು "ಯಾವ ಪುಟ ಮತ್ತೆ ತೋರಿಸಲಿ?" ಎಂದು ಕೇಳಿ. ಮಗು ಯಾವ ಪುಟ ಬೇಡುತ್ತದೆ ಅನ್ನುವುದರಲ್ಲಿ ಅದಕ್ಕೆ ಏನು ತಾಕಿತು ಎಂದು ತಿಳಿಯುತ್ತದೆ.

ಪ್ರಶ್ನೆ: ನಮ್ಮ ಒಂದನೇ ತರಗತಿಯಲ್ಲಿ ಇಬ್ಬರು ಸಿದ್ದಿ (ಆಫ್ರಿಕಾ ಮೂಲದ ಸಮುದಾಯದ) ಮಕ್ಕಳಿದ್ದಾರೆ. ಆಫ್ರಿಕಾದ ಹುಡುಗಿಯೊಬ್ಬಳ ಕಥೆ ಓದುವಾಗ ಒಬ್ಬ ಹುಡುಗ ಚಿತ್ರ ನೋಡಿ, ಪಕ್ಕದಲ್ಲಿದ್ದ ಸಿದ್ದಿ ಹುಡುಗಿಯತ್ತ ಕೈ ಮಾಡಿ "ಅಕ್ಕೋರೇ, ಇವ್ಳೇ" ಎಂದು ನಕ್ಕ. ಎಲ್ಲರೂ ನಕ್ಕರು. ನಾನು ಗದರಿ ಪುಸ್ತಕ ಮುಚ್ಚಿಟ್ಟೆ. ಈಗ ಅದನ್ನು ಮತ್ತೆ ತೆಗೆಯಬಹುದೇ? (ಶಿಕ್ಷಕಿ, ಯಲ್ಲಾಪುರ ತಾಲ್ಲೂಕು)

ತೆಗೆಯಲೇಬೇಕು, ಅದೂ ಎರಡು ಮೂರು ದಿನದೊಳಗೆ. ಪುಸ್ತಕ ಮುಚ್ಚಿದಾಗ ನಕ್ಕವನಿಗೂ ಆ ಹುಡುಗಿಗೂ ತಲುಪುವ ಸಂದೇಶ ಒಂದೇ: ಆ ಚಿತ್ರದಲ್ಲಿ ನಾಚಿಕೆಪಡುವಂಥದ್ದು ಏನೋ ಇದೆ.

ಎಳೆಯ ಮಕ್ಕಳು ಹೋಲಿಕೆ ಕಂಡಾಗ ಕೂಗುತ್ತಾರೆ, ಅದು ಅವರ ಕಲಿಕೆಯ ರೀತಿ. ನಗು ಹಲವು ಸಲ ಗುರುತು ಹಿಡಿದ ಖುಷಿ, ಕೆಲವು ಸಲ ದೊಡ್ಡವರಿಂದ ಕಲಿತ ತಾತ್ಸಾರ. ಎರಡನ್ನೂ ಬೇರೆ ಬೇರೆ ನಿಭಾಯಿಸಿ. ಬರೀ ಗುರುತು ಹಿಡಿದಿದ್ದರೆ ಸಹಜ ದನಿಯಲ್ಲಿ "ಹೌದು, ಇಬ್ಬರದೂ ಗುಂಗುರು ಕೂದಲು. ನಿಂದು ನೇರ ಕೂದಲು, ನಂದೂ ನೇರ" ಎಂದು ಹೇಳಿ, ತಕ್ಷಣ ಕಥೆಗೆ ಮರಳಿ: "ಈಗ ಇವಳ ಕೊಡ ಯಾಕೆ ಉರುಳಿತು, ನೋಡೋಣ." ಹೀಯಾಳಿಕೆಯ ಮಾತು ಬಂದಿದ್ದರೆ ನಿಲ್ಲಿಸಿ, "ಆ ಮಾತು ನೋಯಿಸ್ತದೆ, ನಮ್ಮ ಕ್ಲಾಸಿನಲ್ಲಿ ಆಡೋದಿಲ್ಲ" ಎಂದು ಒಂದೇ ವಾಕ್ಯ. ಐದು ನಿಮಿಷದ ಉಪದೇಶ ಕೊಟ್ಟರೆ ಅಷ್ಟೂ ಹೊತ್ತು ಎಲ್ಲರ ಕಣ್ಣು ಆ ಹುಡುಗಿಯ ಮೇಲೆ ನೆಟ್ಟಿರುತ್ತದೆ. "ಬಣ್ಣದಲ್ಲೇನಿದೆ, ನಾವೆಲ್ಲ ಒಂದೇ" ಎನ್ನುವುದೂ ಕೆಲಸ ಮಾಡದು. ಬಣ್ಣ ಬೇರೆ ಎಂದು ಮಗುವಿಗೆ ಕಣ್ಣಿಗೇ ಕಾಣುತ್ತಿದೆ. ಆ ಹುಡುಗಿಯ ಜೊತೆ ಆಮೇಲೆ ಪ್ರತ್ಯೇಕವಾಗಿ ಮಾತಾಡಿ. ಆದರೆ "ಸಿದ್ದಿ ಜನರ ಬಗ್ಗೆ ಎಲ್ಲರಿಗೂ ಹೇಳು" ಎಂದು ಅವಳನ್ನು ತರಗತಿಯ ಮುಂದೆ ಎಬ್ಬಿಸಿ ನಿಲ್ಲಿಸಬೇಡಿ. ಆರು ವರ್ಷದ ಮಗು ತನ್ನ ಸಮುದಾಯದ ವಕ್ತಾರೆಯಲ್ಲ.

ಇನ್ನೊಂದು ಮಾತು. ಆಫ್ರಿಕಾದ ಕಥೆ ಸಿದ್ದಿ ಮಕ್ಕಳ ಮನೆಯ ಕಥೆ ಅಲ್ಲ. ಅವರ ಪೂರ್ವಿಕರು ಪೂರ್ವ ಆಫ್ರಿಕಾದ ಕಡೆಯವರು, ಬಹಳಷ್ಟು ಜನ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು ಅಲ್ಲಿಂದ ಈ ಕಾಡಿಗೆ ಸೇರಿದವರು. ಅದು ಶತಮಾನಗಳ ಹಿಂದಿನ ಮಾತು. ಇಂದಿನ ಮಗುವಿನ ಮನೆ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚು. ಮನೆಮಾತು ಕೊಂಕಣಿ ಬೆರೆತದ್ದು, ಬೀದಿಯ ಮಾತು ಕನ್ನಡ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಹಾಗಾಗಿ ಆಫ್ರಿಕಾದ ಪುಸ್ತಕದ ಜೊತೆಗೆ ಈ ಮನೆಯ ಪುಟವೂ ಬೇಕು. ಸಿದ್ದಿ ಹೆಂಗಸರು ಹಳೆಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಕೌದಿ ಹೆಸರುವಾಸಿ. ಕೌದಿ ಉತ್ತರ ಕರ್ನಾಟಕದ ಬೇರೆ ಮನೆಗಳಲ್ಲೂ ಇರುವುದರಿಂದ ಅದು ಯಾರೊಬ್ಬರನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಕೌದಿಯ ಮೇಲೊಂದು ಕಥೆ ಕಟ್ಟುವುದು ಸುಲಭ.

ಬಣ್ಣದ ಮಾತಿಗೆ ಉತ್ತರ ಬಣ್ಣದಲ್ಲೇ ಕೊಡಿ. ಪೋಸ್ಟರ್ ಕಲರ್‌ನ ಹಳದಿ, ಕೆಂಪು, ನೀಲಿ, ಬಿಳಿ ನಾಲ್ಕು ಶೀಶೆ ಸಾಕು. ಐಸ್‌ಕ್ರೀಂ ಚಮಚದಲ್ಲಿ ಎರಡು ಹಳದಿ, ಒಂದು ಕೆಂಪು ಕಲಸಿದರೆ ಕಿತ್ತಳೆ ಬರುತ್ತದೆ. ಅದಕ್ಕೆ ಕಡ್ಡಿಯ ತುದಿಯಲ್ಲಿ ಅದ್ದಿದಷ್ಟೇ ನೀಲಿ ಸೇರಿಸುತ್ತಾ ಹೋದರೆ ಕಂದು. ತಿಳಿಯಾಗಬೇಕಿದ್ದರೆ ಬಿಳಿ, ಗಾಢವಾಗಬೇಕಿದ್ದರೆ ಇನ್ನಷ್ಟು ಕೆಂಪು ಮತ್ತು ನೀಲಿ. ಕಪ್ಪು ಶೀಶೆ ತೆರೆಯಬೇಡಿ, ಕಪ್ಪು ಹಾಕಿದರೆ ಬೂದಿ ಬಳಿದಂತಾಗುತ್ತದೆ. ನೀಲಿ ಒಮ್ಮೆಗೇ ಸುರಿದರೆ ಹಸಿರು ಮಿಶ್ರಿತ ಕೊಳೆ ಬಣ್ಣ. ಸರಿಪಡಿಸಲು ಕೆಂಪು ಬೇಕು. ಪ್ರತಿ ಮಗುವೂ ತನ್ನ ಕೈಯ ಬಣ್ಣ ಬರುವವರೆಗೆ ಕಲಸಿ ಕಾಗದದ ಪಟ್ಟಿಗೆ ಹಚ್ಚಲಿ, ಚರ್ಮಕ್ಕೆ ಬೇಡ. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ, ಆದ್ದರಿಂದ ಪಟ್ಟಿ ಒಣಗಿದ ನಂತರವೇ ಕೈ ಪಕ್ಕದಲ್ಲಿಟ್ಟು ನೋಡಲಿ. ಅಂಗೈ, ಮುಂಗೈ, ಮೊಣಕೈ ಮೂರೂ ಬೇರೆ ಬಣ್ಣ ಎಂದು ಆಗ ಅವರಿಗೇ ತಿಳಿಯುತ್ತದೆ, ಅಕ್ಕೋರಿಗೂ ಅಷ್ಟೇ ಎಂದೂ ತಿಳಿಯುತ್ತದೆ (ನೀವೂ ಪಟ್ಟಿ ಮಾಡಬೇಕು). ಬೆಲ್ಲ, ರಾಗಿಹಿಟ್ಟು, ಹುಣಸೆಬೀಜ, ತಮಗೆ ತೋಚಿದ ಹೆಸರನ್ನು ತಮ್ಮ ಪಟ್ಟಿಗೆ ತಾವೇ ಇಟ್ಟುಕೊಳ್ಳಲಿ. ಒಬ್ಬರ ಬಣ್ಣಕ್ಕೆ ಇನ್ನೊಬ್ಬರು ಹೆಸರಿಡುವಂತಿಲ್ಲ. ಪಟ್ಟಿಗಳನ್ನು ಕಲಿಕಾ ಚಪ್ಪರಕ್ಕೆ (ಮಕ್ಕಳ ಕೆಲಸ ತೂಗುಹಾಕಲು ತರಗತಿಯ ಮೇಲೆ ಕಟ್ಟಿದ ದಾರಗಳಿಗೆ) ಕಟ್ಟುವಾಗ ತಿಳಿಯಿಂದ ಗಾಢಕ್ಕೆ ಜೋಡಿಸಬೇಡಿ, ಕೂಡಲೇ ಅದು ಶ್ರೇಯಾಂಕವಾಗುತ್ತದೆ. ಕ್ರೇಯಾನ್ ಡಬ್ಬಿಯಲ್ಲಿ ತಿಳಿಗುಲಾಬಿ ಕಡ್ಡಿಗೆ "ಸ್ಕಿನ್" ಎಂದು ಬರೆದಿದ್ದರೆ ಆ ಸುತ್ತುಕಾಗದ ಹರಿದು ಹಾಕಿ.

ಪ್ರಶ್ನೆ: ಪುಸ್ತಕದಲ್ಲಿ ಅಮ್ಮ ಮೀನು ಸಾರು ಮಾಡುವ ಪುಟ ಇದೆ. "ನಮ್ಮ ಮಗುವಿಗೆ ಇದೆಲ್ಲ ಯಾಕೆ ಹೇಳಿಕೊಡ್ತೀರಿ?" ಎಂದು ಪೋಷಕರೊಬ್ಬರು ತಕರಾರು ತೆಗೆದರು. ನಮಾಜಿನ ಚಿತ್ರಕ್ಕೂ ಹೀಗೇ ಆಯಿತು. ಆ ಪುಟ ಬಿಟ್ಟು ಓದಲೇ? (ಶಿಕ್ಷಕಿ, ದಾವಣಗೆರೆ ಜಿಲ್ಲೆ)

ಪುಟ ಹಾರಿಸಬೇಡಿ. ಮೀನು ತಿನ್ನುವ ಮನೆಯ ಮಗು ಅದೇ ಚಾಪೆಯ ಮೇಲೆ ಕೂತಿದೆ, ಹಾರಿಸಿದ್ದು ಅದಕ್ಕೆ ಗೊತ್ತಾಗುತ್ತದೆ.

ದೂರು ತಂದ ಪೋಷಕರು ಹಲವು ಸಲ ಪುಸ್ತಕ ನೋಡಿರುವುದಿಲ್ಲ, ಮಗು ಮನೆಯಲ್ಲಿ ಹೇಳಿದ ಒಂದು ತುಣುಕು ಕೇಳಿರುತ್ತಾರೆ. ಕೂರಿಸಿ, ಪುಸ್ತಕ ಅವರ ಕೈಗೇ ಕೊಟ್ಟು ಮೊದಲ ಪುಟದಿಂದ ಕೊನೆಯವರೆಗೆ ಓದಲು ಬಿಡಿ. ಓದು ಬಾರದವರಾದರೆ ನೀವೇ ಓದಿ ಹೇಳಿ. ಆಮೇಲೆ ಸರಳ ಮಾತು: ಇದು ತಿನ್ನಲು ಹೇಳುವ ಪುಸ್ತಕವಲ್ಲ, ಒಂದು ಮನೆಯಲ್ಲಿ ಹೀಗೆ ಎಂದು ಹೇಳುವ ಪುಸ್ತಕ. ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವ ಪದ್ಧತಿ ಶಾಲೆಗೆ ಹೊಸದಲ್ಲ. ಮಕ್ಕಳು ಪಕ್ಕಪಕ್ಕ ಕೂತೇ ಉಣ್ಣುತ್ತಾರೆ. ಅದೇ ಮಾತನ್ನು ತರಗತಿಯಲ್ಲೂ ಬಳಸಿ: "ಕೆಲವರ ಮನೆಯಲ್ಲಿ ತಿಂತಾರೆ, ಕೆಲವರ ಮನೆಯಲ್ಲಿ ಇಲ್ಲ." "ಛೀ" ಎಂದವರಿಗೆ "ಬೇಡ ಅನ್ನು, ಛೀ ಅನ್ನಬೇಡ" ಎಂದಷ್ಟೇ ಹೇಳಿ. ವರ್ಷದ ಆರಂಭದಲ್ಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮೇಜಿನ ಮೇಲೆ ಆ ವರ್ಷದ ಪುಸ್ತಕಗಳನ್ನು ಹರಡಿಟ್ಟರೆ ಅರ್ಧ ತಕರಾರು ಅಲ್ಲೇ ಕರಗುತ್ತದೆ.

ನಮಾಜು, ಪೂಜೆ, ಚರ್ಚಿನ ಪ್ರಾರ್ಥನೆ ಚಿತ್ರದಲ್ಲಿ ಬಂದರೆ ಓದಿ, ಏನೆಂದು ಕೇಳಿದರೆ ಹೇಳಿ. ಆದರೆ ಮಕ್ಕಳಿಂದ ಅಭಿನಯಿಸಿ ಮಾಡಿಸಬೇಡಿ. ತಿಳಿಸುವುದು ಬೇರೆ, ಆಚರಣೆ ಮಾಡಿಸುವುದು ಬೇರೆ. ಪೋಷಕರ ಅಳುಕು ಈ ಎರಡರ ನಡುವೆಯೇ ಇರುತ್ತದೆ, ಆ ಅಳುಕಿಗೆ ಬೆಲೆ ಇದೆ. ಹಾಗೆಯೇ "ನಿಮ್ಮ ಮನೆಯ ವಿಶೇಷ ಅಡುಗೆ ತನ್ನಿ" ಎಂಬ ದಿನಾಚರಣೆಯೂ ಬೇಡ. ಒಬ್ಬಳು ಡಬ್ಬಿ ತುಂಬ ಸುರಕುಂಬಾ (ಶ್ಯಾವಿಗೆ ಪಾಯಸ) ತರುತ್ತಾಳೆ, ತರಲು ಏನೂ ಇಲ್ಲದ ಇನ್ನೊಬ್ಬ ಹೊಟ್ಟೆನೋವೆಂದು ಅಂದು ಶಾಲೆಗೇ ಬರುವುದಿಲ್ಲ.

ಪ್ರಶ್ನೆ: ಪುಸ್ತಕದ ಭಾಷೆ ಮೈಸೂರು ಕಡೀದು. ನಮ್ಮ ಹುಡುಗ್ರು "ಎಲ್ಲಿ ಹೋಗ್ಯಾನ್ರೀ?" ಅನ್ನವ್ರು. ಓದುವಾಗ ನಮ್ಮ ಮಾತಿಗೆ ಬದಲಿಸಿ ಓದ್ಲಿಕ್ಕೆ ಅಡ್ಡಿ ಇಲ್ಲೇನು? (ಶಿಕ್ಷಕ, ಗದಗ)

ಚಿತ್ರ ಮಾತ್ರ ನೋಡುವ ದಿನ (ಮೇಲಿನ ಉತ್ತರದ ಸೋಮವಾರ) ಪೂರ್ತಿ ನಿಮ್ಮ ಮಾತಿನಲ್ಲೇ ಆಗಲಿ, ಪಾತ್ರಗಳೂ ಗದಗಿನ ಮಾತು ಆಡಲಿ. ಓದುವ ದಿನ ಮಾತ್ರ ಅಚ್ಚಾದ ಸಾಲನ್ನು ಇದ್ದಂತೆಯೇ ಓದಿ. ಕಾರಣ ಶುದ್ಧ-ಅಶುದ್ಧದ್ದಲ್ಲ. ಮೂರನೇ ಸಲ ಕೇಳುವ ಹೊತ್ತಿಗೆ ಮಕ್ಕಳು ಕೇಳಿದ ಸದ್ದನ್ನು ಪುಟದ ಮೇಲಿನ ಅಕ್ಷರಕ್ಕೆ ಕಟ್ಟಲು ಶುರುಮಾಡುತ್ತಾರೆ. ಸಾಲು ದಿನಕ್ಕೊಂದು ಥರ ಬಂದರೆ ಆ ಗಂಟು ಬೀಳುವುದೇ ಇಲ್ಲ. ಮಗು ಕಥೆಯನ್ನು ಮರಳಿ ಹೇಳುವಾಗ "ಹೋಗಿದ್ದಾನೆ"ಗೆ "ಹೋಗ್ಯಾನ" ಅಂದರೆ ತಿದ್ದಬೇಡಿ, ಅದು ಅರ್ಥವಾಗಿದೆ ಎನ್ನುವುದಕ್ಕೆ ಗುರುತು. ತುಳು, ಕೊಡವ, ಬ್ಯಾರಿ ಮನೆಮಾತಿನ ಮಕ್ಕಳ ಶಾಲೆಗಳಿಂದ ಬಂದ ಇದೇ ಬಗೆಯ ಪ್ರಶ್ನೆಗಳಿಗೂ ಇದೇ ಉತ್ತರ.

ಪ್ರಶ್ನೆ: ನಮ್ಮದು ತಾಂಡಾದ ಶಾಲೆ. ಲಂಬಾಣಿ ಮಾತಿನ ಚಿತ್ರಪುಸ್ತಕ ಅಂಗಡಿಯಲ್ಲಿ ಸಿಗಲಿಲ್ಲ. ನಾವೇ ಮಾಡಬಹುದೇ? ನನಗೆ ಲಂಬಾಣಿ ಅಷ್ಟಾಗಿ ಬರುವುದಿಲ್ಲ. (ಶಿಕ್ಷಕಿ, ವಿಜಯಪುರ ಜಿಲ್ಲೆ)

ಮಾಡಬಹುದು. ನಿಮಗೆ ಬಾರದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ, ಕೇಳಿ ಬರೆಯುತ್ತೀರಿ, ತಿದ್ದಲು ಹೋಗುವುದಿಲ್ಲ.

ಕಾಗದದಿಂದ ಶುರುಮಾಡೋಣ. ಎ4 ಹಾಳೆ ಮಡಿಸಿದರೆ ನಾಲ್ಕು ಪುಟ, ಆದ್ದರಿಂದ ಪುಸ್ತಕದ ಪುಟ ಯಾವಾಗಲೂ ನಾಲ್ಕರ ಮಡಿಯಲ್ಲಿರಬೇಕು. ನಾಲ್ಕು ಹಾಳೆಗೆ ಹದಿನಾರು ಪುಟ. ಹೆಸರಿಗೊಂದು, ಕಥೆ ಹೇಳಿದವರ ಮತ್ತು ಚಿತ್ರ ಬರೆದವರ ಹೆಸರಿಗೊಂದು ಬಿಟ್ಟರೆ ಕಥೆಗೆ ಹದಿನಾಲ್ಕು. ಮೇಲೊಂದು ಡ್ರಾಯಿಂಗ್ ಶೀಟಿನ ರಟ್ಟು. ತರಗತಿಗೆ ಹಿಡಿದು ತೋರಿಸುವ ಪುಸ್ತಕವಾದರೆ ಎ3 ಹಾಳೆ ಬಳಸಿ, ಅಕ್ಷರ ಒಂದೂವರೆ ಸೆಂಟಿಮೀಟರಿಗೆ ಕಡಿಮೆ ಬೇಡ. ಮೊದಲು ರದ್ದಿ ಹಾಳೆ ಮಡಿಸಿ, ಪುಟಕ್ಕೆ ಸಂಖ್ಯೆ ಹಾಕಿ ಕಚ್ಚಾ ಪ್ರತಿ ಮಾಡಿಕೊಳ್ಳಿ. ಇದನ್ನು ಬಿಟ್ಟವರ ಪುಸ್ತಕದಲ್ಲಿ ಐದನೇ ಪುಟದ ಬೆನ್ನಿಗೆ ಹನ್ನೊಂದನೇ ಪುಟ ಬರುವುದು ಖಚಿತ.

ಕಥೆಗೆ ತಾಂಡಾದ ಹಿರಿಯ ಹೆಂಗಸೊಬ್ಬರನ್ನು ಕೇಳಿ. ಹಬ್ಬ, ಕನ್ನಡಿ ಹಚ್ಚಿದ ಉಡುಪು ಎಂದು ಕೇಳಬೇಡಿ, ಅವರೂ ನಿಮಗೆ ಚಾರ್ಟೇ ಕೊಡುತ್ತಾರೆ. "ನಿಮ್ಮ ಮೊಮ್ಮಗ ನಿನ್ನೆ ಏನು ತಂಟೆ ಮಾಡಿದ?" ಎಂದು ಕೇಳಿ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಆಲಿಸುತ್ತಾ ಪುಟಕ್ಕೊಂದು ಸಾಲಿಗೆ ಇಳಿಸಿ. ಲಂಬಾಣಿಗೆ ಸ್ವಂತ ಲಿಪಿ ಬಳಕೆಯಲ್ಲಿಲ್ಲ, ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಯಾಡಿ (ಅಮ್ಮ), ಬಾಟಿ (ರೊಟ್ಟಿ), ಪಾಣಿ (ನೀರು) ಎಂದು ಅವರು ನುಡಿದಂತೆಯೇ ಬರೆಯಿರಿ. ಕನ್ನಡದ ವ್ಯಾಕರಣಕ್ಕೆ ಎಳೆಯಬೇಡಿ. ಬರೆದದ್ದನ್ನು ಅವರಿಗೂ ಇನ್ನೊಂದು ಮನೆಯವರಿಗೂ ಓದಿ ಹೇಳಿ. ಮಕ್ಕಳು ನಕ್ಕರೆ ಎಲ್ಲೋ ಸದ್ದು ತಪ್ಪಿದೆ, ಆ ಪದ ಅವರಿಂದಲೇ ಮತ್ತೆ ಹೇಳಿಸಿ. ಲಂಬಾಣಿ ಸಾಲು ಮೇಲೆ, ಕನ್ನಡ ಸಾಲು ಕೆಳಗೆ, ಎರಡಕ್ಕೂ ಎರಡು ಶಾಯಿ, ಪ್ರತಿ ಪುಟದಲ್ಲೂ ಅದೇ ಜಾಗ. ಅಕ್ಷರದ ಗಾತ್ರ ಸಮ ಇರಲಿ. ಒಂದನ್ನು ಚಿಕ್ಕದು ಮಾಡಿದರೆ ಯಾವ ಭಾಷೆ ದೊಡ್ಡದು ಎಂದು ಮಕ್ಕಳು ಅಳೆದುಬಿಡುತ್ತಾರೆ.

ಚಿತ್ರ ಮಕ್ಕಳದು, ಬೇರೆ ಕಾಗದದಲ್ಲಿ ಬರೆದು ಕತ್ತರಿಸಿ ಅಂಟಿಸಿದರೆ ತಪ್ಪಿದಾಗ ಇಡೀ ಹಾಳೆ ಹಾಳಾಗದು. ಮೈದಾ ಅಂಟು ಬೇಡ, ಜಿರಳೆ ತಿಂದು ಮುಗಿಸುತ್ತದೆ. ಫೆವಿಕಾಲನ್ನು ತೆಳುವಾಗಿ ಹಚ್ಚಿ ಭಾರ ಹೇರಿ ಒಣಗಿಸಿ.

ಹೊಲಿಗೆಗೆ ಮಡಿಕೆಯ ಗೆರೆಯ ಮೇಲೆ ದಬ್ಬಣದಿಂದ ಮೂರು ತೂತು: ನಟ್ಟ ನಡುವೆ ಒಂದು, ಎರಡು ತುದಿಯಿಂದ ಸುಮಾರು ಮೂರು ಸೆಂಟಿಮೀಟರ್ ಒಳಗೆ ಒಂದೊಂದು. ದಪ್ಪ ದಾರವನ್ನು ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ ತೆಗೆಯಿರಿ, ಮೇಲಿನ ತೂತಿನಲ್ಲಿ ಒಳಗೆ ತನ್ನಿ, ನಡುವಿನದನ್ನು ಬಿಟ್ಟು ಕೆಳಗಿನ ತೂತಿನಲ್ಲಿ ಹೊರಗೆ, ಮತ್ತೆ ನಡುವಿನ ತೂತಿನಲ್ಲಿ ಒಳಗೆ. ಈಗ ಎರಡೂ ತುದಿ ಒಳಗಡೆ, ಉದ್ದ ದಾರದ ಆಚೀಚೆ ಇರುತ್ತವೆ. ಅದನ್ನು ಸೇರಿಸಿಕೊಂಡು ಗಂಟು ಹಾಕಿ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಒಂದೇ ಮಳೆಗಾಲಕ್ಕೆ ಪುಟ ಬಿಡುತ್ತದೆ, ಮಕ್ಕಳ ಬೆರಳಿಗೂ ಚುಚ್ಚುತ್ತದೆ.

ಎರಡು ಪ್ರತಿ ಮಾಡಿ. ಒಂದು ಶಾಲೆಗೆ. ಕಬ್ಬು ಕಡಿಯಲು ಗುಳೆ ಹೊರಡುವ ಮನೆಯ ಮಗುವಿನ ಚೀಲಕ್ಕೆ ಇನ್ನೊಂದು. ತಿಂಗಳುಗಟ್ಟಲೆ ಶಾಲೆ ತಪ್ಪುವ ಆ ಮಗುವಿನ ಕೈಯಲ್ಲಿ ಅಷ್ಟಾದರೂ ಓದು ಇರುತ್ತದೆ. ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಬೇರೆ ಶಾಲೆಯ ಕನ್ನಡ ಮನೆಮಾತಿನ ಮಕ್ಕಳಿಗೂ ಇದನ್ನು ಓದಿಸಿ. ತಾಂಡಾದ ಮಕ್ಕಳಷ್ಟೇ ಓದಿದರೆ ಅದು ಅರ್ಧ ಕೆಲಸ.

ಪ್ರಶ್ನೆ: ಅಮೆರಿಕದಲ್ಲಿ ಭಾನುವಾರದ ಕನ್ನಡ ಶಾಲೆ ನಡೆಸುತ್ತೇವೆ, 5ರಿಂದ 7 ವರ್ಷದ ಮಕ್ಕಳು. ನಮ್ಮಲ್ಲಿರುವ ಕನ್ನಡ ಪುಸ್ತಕಗಳಲ್ಲಿ ಬರೀ ಎತ್ತಿನಗಾಡಿ, ಬಾವಿ, ಗುಡಿಸಲು. ಕರ್ನಾಟಕ ಅಂದರೆ ಇಷ್ಟೇ ಎಂದು ಮಕ್ಕಳು ನಂಬಿದ್ದಾರೆ. (ಪೋಷಕಿ, ನ್ಯೂಜೆರ್ಸಿ)

ಪುಸ್ತಕ ಬಿಸಾಡಬೇಡಿ, ಪಕ್ಕದಲ್ಲಿ ಇನ್ನೊಂದು ಇಡಿ. ಬಾವಿಯ ಕಥೆ ಓದಿದ ವಾರವೇ ಮೆಟ್ರೋ, ಅಪಾರ್ಟ್‌ಮೆಂಟ್, ನೀರಿನ ಟ್ಯಾಂಕರ್ ಇರುವ ಕಥೆಯನ್ನೂ ಓದಿ. ಬೆಂಗಳೂರಿನ ಟ್ಯಾಂಕರ್‌ನಿಂದ ಬಾವಿಗೆ ಮಾತು ತಾನಾಗಿ ಹರಿಯುತ್ತದೆ. ಊರಿನ ಅಜ್ಜ-ಅಜ್ಜಿಯರಿಂದ ವಾಟ್ಸ್ಆ್ಯಪ್‌ನಲ್ಲಿ ಬೀದಿಯ, ಅಡುಗೆಮನೆಯ, ಬಸ್‌ಸ್ಟ್ಯಾಂಡಿನ ಫೋಟೊ ತರಿಸಿ, ಪುಸ್ತಕದ ಪುಟದ ಪಕ್ಕ ಇಟ್ಟು ಏನು ಸರಿ ಹೊಂದುತ್ತದೆ, ಏನು ಇಲ್ಲ ಎಂದು ಮಕ್ಕಳೇ ಹುಡುಕಲಿ. ನಿಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಬರಲಿ. ನೀವು ಅದನ್ನೇ ಕನ್ನಡದಲ್ಲಿ ಮರಳಿ ಹೇಳಿ ಮುಂದುವರಿಯಿರಿ. "ಕನ್ನಡದಲ್ಲಿ ಹೇಳು" ಎಂದು ಪ್ರತಿ ಸಲ ತಡೆದರೆ ಮುಂದಿನ ವಾರ ಕೈ ಎತ್ತುವವರೇ ಇರುವುದಿಲ್ಲ. ಮತ್ತೆ, ಅಲ್ಲಿ ಹುಟ್ಟಿದ ಕನ್ನಡದ ಮಗು ಹಿಮದಲ್ಲಿ ಆಡುವ ಕಥೆಯೂ ಕನ್ನಡದ ಕಥೆಯೇ. ಮೇಲೆ ಹೇಳಿದ ಹೊಲಿಗೆಯ ಪುಸ್ತಕ ನ್ಯೂಜೆರ್ಸಿಯಲ್ಲೂ ಆಗುತ್ತದೆ.

ಪ್ರಶ್ನೆ: ಪುಸ್ತಕ ಹರಿದರೆ ಲೆಕ್ಕ ಕೊಡಬೇಕಲ್ಲ ಎಂದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇವೆ. ಹೊಸದು ಕೊಳ್ಳಲು ದುಡ್ಡೂ ಇಲ್ಲ. ಏನು ಮಾಡುವುದು? (ಅಂಗನವಾಡಿ ಕಾರ್ಯಕರ್ತೆ, ಚಾಮರಾಜನಗರ ಜಿಲ್ಲೆ)

ಬೀರುವಿನಲ್ಲಿಟ್ಟ ಪುಸ್ತಕವನ್ನು ಗೆದ್ದಲು ಓದುತ್ತದೆ. ದಾಸ್ತಾನು ವಹಿಯಲ್ಲಿ ಪುಸ್ತಕದ ಎದುರಿಗೆ "ಮಕ್ಕಳ ಬಳಕೆಯಿಂದ ಹರಿದಿದೆ" ಎಂದು ದಿನಾಂಕ ಹಾಕಿ ಬರೆದು, ಮೇಲ್ವಿಚಾರಕಿ ಭೇಟಿಗೆ ಬಂದಾಗ ತೋರಿಸಿ ಸಹಿ ಪಡೆಯಿರಿ. ಹರಿದ ಪುಸ್ತಕವನ್ನು ಮಾತ್ರ ಎಸೆಯದೆ ಇಟ್ಟುಕೊಂಡಿರಿ.

ದುಡ್ಡಿಲ್ಲದೆ ಸಿಗುವವೂ ಇವೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ. ನಾಲ್ಕು ಹಂತಗಳಲ್ಲಿವೆ, ನಿಮ್ಮ ಮಕ್ಕಳಿಗೆ ಒಂದನೇ ಹಂತ. ಮುಕ್ತ ಪರವಾನಗಿಯಲ್ಲಿರುವುದರಿಂದ ಮುದ್ರಿಸಬಹುದು, ಅನುವಾದಿಸಲೂಬಹುದು, ಬರೆದವರ ಮತ್ತು ಚಿತ್ರಕಾರರ ಹೆಸರಿರುವ ಪುಟವನ್ನು ಉಳಿಸಿಕೊಳ್ಳಬೇಕು ಅಷ್ಟೇ. ಒಂದು ಎಚ್ಚರ: ಈ ಬಗೆಯ ಪುಸ್ತಕವನ್ನು ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಬೇಡಿ. ಗೋಧಿ ಬಣ್ಣದ ಮುಖ ಬಿಳಿಯಾಗುತ್ತದೆ, ಕಪ್ಪು ಮುಖದಲ್ಲಿ ಕಣ್ಣು ಬಾಯಿ ಕಾಣದೆ ಮಸಿ ಬಳಿದಂತಾಗುತ್ತದೆ. ಹತ್ತು ಪುಸ್ತಕ ಕಪ್ಪು-ಬಿಳುಪಿನಲ್ಲಿ ತರುವ ಬದಲು ಎರಡು ಬಣ್ಣದಲ್ಲಿ ತನ್ನಿ. ಕೊಳ್ಳುವ ಅವಕಾಶ ಇದ್ದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಮಕ್ಕಳ ಪುಸ್ತಕಗಳು, ಚೆನ್ನೈನ ತೂಲಿಕಾದ ಕನ್ನಡ-ಇಂಗ್ಲಿಷ್ ದ್ವಿಭಾಷಾ ಪುಸ್ತಕಗಳು ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲೂ ಮಕ್ಕಳ ಪುಸ್ತಕ ಇರುತ್ತವೆ. ಗ್ರಂಥಪಾಲಕರ ಜೊತೆ ಮಾತಾಡಿ ತಿಂಗಳಿಗೆ ಐದಾರು ತಂದು ಬದಲಿಸುತ್ತಿರಿ.

ಇಡುವುದಕ್ಕೆ ಕಪಾಟು ಬೇಕಿಲ್ಲ. ನೆಲದಿಂದ ಎರಡಡಿ ಎತ್ತರಕ್ಕೆ ಗೋಡೆಗುಂಟ ನೈಲಾನ್ ಹಗ್ಗ ಬಿಗಿದು, ಪುಸ್ತಕವನ್ನು ನಡುವೆ ತೆರೆದು ನೇತುಹಾಕಿ, ಮುಖಪುಟ ಹೊರಗೆ ಕಾಣುವಂತೆ. ಚಾಮರಾಜನಗರದ ಬಿಸಿಲು ನೇರ ಬೀಳುವ ಗೋಡೆ ಬೇಡ, ಬಣ್ಣ ಹಾರುತ್ತದೆ. ಏಳೆಂಟು ಪುಸ್ತಕ ಮಾತ್ರ ಹಾಕಿ ಹದಿನೈದು ದಿನಕ್ಕೊಮ್ಮೆ ಬದಲಿಸಿ. ಮಕ್ಕಳು ಪುಟ ಹರಿಯುವುದು ಹೆಚ್ಚಾಗಿ ಕೆಳಗಿನ ನಡುವಿನಿಂದ ತಿರುವುವುದರಿಂದ. ಮೇಲಿನ ಬಲ ಮೂಲೆ ಹಿಡಿದು ತಿರುವುವುದನ್ನು ಮೊದಲ ವಾರವೇ ಆಟದಂತೆ ಕಲಿಸಿ. ಹೊಸ ಪುಸ್ತಕ ಬಂದ ದಿನವೇ ಬೆನ್ನಿಗೂ ನಾಲ್ಕು ಮೂಲೆಗೂ ಅಗಲ ಟೇಪು ಹಚ್ಚಿ. ಒಳಪುಟ ಹರಿದರೆ ಸಾಮಾನ್ಯ ಸೆಲ್ಲೋಟೇಪು ಬೇಡ, ವರ್ಷದಲ್ಲಿ ಹಳದಿಯಾಗಿ ಅಂಟು ಸೋರಿ ಎರಡು ಪುಟ ಕೂಡಿಕೊಳ್ಳುತ್ತವೆ. ಬಟರ್ ಪೇಪರಿನ ಪಟ್ಟಿ ಹರಿದು ತೆಳು ಫೆವಿಕಾಲ್‌ನಲ್ಲಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಒಂದು ರಾತ್ರಿ ಭಾರ ಹೇರಿ.